ಹೊರದೇಶದ ಮಕ್ಕಳ ಮನೆಯಲ್ಲಿ ಮೊದಲ ವಾರ: ಏನು ಮಾಡಬೇಕು, ಏನು ಬೇಡ

ಎರಡು ಮೂರು ತಿಂಗಳಿಗೆಂದು ಮಗನ ಮನೆಗೋ ಮಗಳ ಮನೆಗೋ ಹೊರದೇಶಕ್ಕೆ ಹೋಗುವವರು ವಿಮಾನ ಹತ್ತುವವರೆಗಿನದ್ದನ್ನೆಲ್ಲ ಪಕ್ಕಾ ಯೋಚಿಸಿರುತ್ತಾರೆ. ಸೂಟ್‌ಕೇಸ್ ತೂಕ ಮಾಡಿದ್ದು ಎಷ್ಟು ಸಲವೋ! ಇಳಿದ ಮೇಲಿನ ಮೊದಲ ವಾರಕ್ಕೆ ಮಾತ್ರ ಯೋಚನೆಯೇ ಇರುವುದಿಲ್ಲ, ಇಲ್ಲವೇ ಮಕ್ಕಳು ಸಂಭ್ರಮದಲ್ಲಿ ಜಾಸ್ತಿಯೇ ಯೋಚಿಸಿ ಶನಿವಾರ ಜಲಪಾತ, ಭಾನುವಾರ ಸ್ನೇಹಿತರ ಮನೆ ಅಂತ ತುಂಬಿಸಿಟ್ಟಿರುತ್ತಾರೆ. ಎರಡೂ ಬೇಡ. ಈ ವಾರ ನಿಮಗಿರುವುದು ಎರಡೇ ಕೆಲಸ. ನಿದ್ದೆಯನ್ನು ದಾರಿಗೆ ತರುವುದು, ಆ ಮನೆ ಹೇಗೆ ನಡೆಯುತ್ತದೆ ಅಂತ ಕಲಿಯುವುದು.

ಮೊದಲು ತಾರೀಖು ನೋಡಿ

ಮನೆ ಸೇರಿದ ಮರುದಿನವೇ ಮುಗಿಸಬೇಕಾದ ಕೆಲಸ ಇದು. ವೀಸಾ ಮುಗಿಯುವ ತಾರೀಖು ಬೇರೆ, ಆ ದೇಶದಲ್ಲಿ ಇರಲು ನಿಮಗೆ ಕೊಟ್ಟ ಕಡೆಯ ತಾರೀಖು ಬೇರೆ. ಎರಡೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಅಮೆರಿಕದಲ್ಲಿ ಈ ಎರಡನೇ ತಾರೀಖು ಐ-94 ದಾಖಲೆಯಲ್ಲಿರುತ್ತದೆ, ಅದನ್ನು ಆನ್‌ಲೈನಿನಲ್ಲೇ ನೋಡಬಹುದು. ಯುರೋಪಿನ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಪ್ರವಾಸಿ ವೀಸಾದಲ್ಲಿ ಹೋದರೆ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ, ವೀಸಾದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟೇ. ತಾರೀಖು ನೋಡಿ, ವಾಪಸ್ ಟಿಕೆಟ್ಟಿನ ಜೊತೆ ತಾಳೆ ಹಾಕಿ, ಪಾಸ್‌ಪೋರ್ಟ್ ಒಳಗಿಡಿ. ಮುಗಿಯಿತು.

ನಿದ್ದೆ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ನಮ್ಮ ಮೈಯೊಳಗಿನ ಗಡಿಯಾರ ಹಳೇ ಊರಿನ ಸಮಯವನ್ನೇ ಹಿಡಿದು ಕೂತಿರುತ್ತದೆ, ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಜರುಗುವುದು. ಹಾಗಾಗಿ 9 ಗಂಟೆ ವ್ಯತ್ಯಾಸ ಇದ್ದರೆ ಪೂರ್ತಿ ಸರಿಹೋಗಲು ವಾರ ದಾಟುತ್ತದೆ. ಪಶ್ಚಿಮಕ್ಕೆ ಹೋದರೆ ಸ್ವಲ್ಪ ಬೇಗ, ಪೂರ್ವಕ್ಕೆ ಹೋದರೆ ನಿಧಾನ. ಯಾಕೆಂದರೆ ಹೆಚ್ಚಿನವರ ಒಳಗಿನ ಗಡಿಯಾರ 24 ಗಂಟೆಗಿಂತ ಒಂದಿಷ್ಟು ಉದ್ದ, ಅದಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದೇ ಕಷ್ಟ.

ಈ ಗಡಿಯಾರವನ್ನು ತಿರುಗಿಸುವ ಕೀಲಿ ಬೆಳಕು. ಎಲ್ಲರೂ ‘ಬೆಳಿಗ್ಗೆ ಎದ್ದು ಬಿಸಿಲಿಗೆ ಹೋಗಿ’ ಅಂತಾರೆ, ಆದರೆ ದೂರದ ಪ್ರಯಾಣದಲ್ಲಿ ಅದು ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ನೀವು ಪೂರ್ವಕ್ಕೆ 9 ಗಂಟೆ ಮುಂದಿರುವ ಜಾಗಕ್ಕೆ ಹೋಗಿದ್ದೀರಿ ಅಂದುಕೊಳ್ಳಿ. ಅಲ್ಲಿ ಬೆಳಗಿನ 7 ಗಂಟೆ ಅಂದರೆ ನಿಮ್ಮ ಮೈಗೆ ರಾತ್ರಿ 10. ಆಗ ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಮೊದಲೆರಡು ದಿನ ಬೆಳಿಗ್ಗೆ ಪರದೆ ಎಳೆದುಕೊಂಡು ಒಳಗಿರಿ, ಮಧ್ಯಾಹ್ನ ಊಟವಾದ ಮೇಲೆ ಹೊರಗೆ ನಡೆಯಿರಿ. ಅಷ್ಟೇ ದೂರ ಪಶ್ಚಿಮಕ್ಕೆ ಹೋದವರಿಗೂ ಮಧ್ಯಾಹ್ನದ ಬೆಳಕೇ ಒಳ್ಳೆಯದು. ಆಮೇಲೆ ನಿಧಾನವಾಗಿ ಮಾಮೂಲಿ ದಿನಚರಿಗೆ ಬರಬಹುದು.

ಹಗಲು ತಡೆಯಲಾಗದ ನಿದ್ದೆ ಬಂದರೆ ಅಲಾರಂ ಇಟ್ಟು ಅರ್ಧ ಗಂಟೆ ಮಲಗಿ. ಸೋಫಾದಲ್ಲಿ ಸುಮ್ನೆ ಒರಗಿಕೊಂಡರೆ ಕಥೆ ಮುಗಿದ ಹಾಗೆ, ಎಚ್ಚರ ಆಗುವುದು ಕತ್ತಲಾದ ಮೇಲೆಯೇ. ಕಾಫಿ ಮಧ್ಯಾಹ್ನಕ್ಕೇ ನಿಲ್ಲಿಸಿ. ಕುಡಿದ ಕೆಫೀನಿನಲ್ಲಿ ಅರ್ಧ ಹೋಗುವುದಕ್ಕೇ ಸುಮಾರು 5 ಗಂಟೆ ಬೇಕು.

ಏನೇ ಮಾಡಿದರೂ ಮೊದಲ ರಾತ್ರಿಗಳಲ್ಲಿ 3 ಗಂಟೆಗೆ ಕಣ್ಣು ಬಿಟ್ಟೇ ಬಿಡುತ್ತದೆ. ಆಗ ಮೊಬೈಲ್ ಹಿಡಿಯಬೇಡಿ. ಹಸಿವಾಗುತ್ತದೆ ಕೂಡ, ಯಾಕೆಂದರೆ ಹೊಟ್ಟೆಗೆ ಅದು ಊಟದ ಹೊತ್ತು. ಮಲಗುವ ಮುಂಚೆಯೇ ಮಂಚದ ಪಕ್ಕ ನೀರು, ತಿನ್ನಲು ಒಂದಿಷ್ಟು ಏನಾದರೂ ಇಟ್ಟುಕೊಂಡರೆ ಗೊತ್ತಿಲ್ಲದ ಅಡುಗೆಮನೆಯಲ್ಲಿ ಕತ್ತಲಲ್ಲಿ ತಡಕಾಡುವ ಕೆಲಸ ಇರುವುದಿಲ್ಲ.

ಮಾತ್ರೆ

ದಿನದ ಮಾತ್ರೆ ಯಾವ ಸಮಯಕ್ಕೆ ತೆಗೆದುಕೊಳ್ಳಬೇಕು ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಇನ್ಸುಲಿನ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಅಂದಾಜು ಲೆಕ್ಕ ಬೇಡವೇ ಬೇಡ. ಇನ್ನೊಂದು ವಿಷಯ, ಉದ್ದದ ಪ್ರಯಾಣದ ನಂತರ ಎರಡೂ ಪಾದ ಸ್ವಲ್ಪ ಊದುವುದು ಮಾಮೂಲು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಕಾಯಬೇಡಿ, ತುರ್ತು ಸಂಖ್ಯೆಗೆ ಫೋನ್ ಮಾಡಿಸಿ. ‘ಮಕ್ಕಳಿಗೆ ಸುಮ್ನೆ ಯಾಕೆ ಗಾಬರಿ’ ಅಂತ ಮುಚ್ಚಿಡುವ ಅಭ್ಯಾಸ ನಮ್ಮ ಹಿರಿಯರಿಗೆ ಜಾಸ್ತಿ, ಇಲ್ಲಿ ಅದು ನಡೆಯುವುದಿಲ್ಲ.

ಮನೆಯನ್ನು ಕಲಿಯಿರಿ

ಎರಡನೇ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಮನೆಯವರ ಜೊತೆ ಕೋಣೆ ಕೋಣೆ ಸುತ್ತಿ. ಅವರು ಮಾಡಿ ತೋರಿಸುವುದಲ್ಲ, ನೀವೇ ಮಾಡಬೇಕು. ಬಾಗಿಲಿನಿಂದ ಶುರು ಮಾಡಿ. ಎಷ್ಟೋ ಕಡೆ ಹೊರಗೆ ಕಾಲಿಟ್ಟು ಬಾಗಿಲು ಎಳೆದರೆ ತಾನೇ ಲಾಕ್ ಆಗುತ್ತದೆ, ನೀವು ಮನೆ ಚಪ್ಪಲಿಯಲ್ಲಿ, ಕೀ ಮತ್ತು ಫೋನ್ ಒಳಗೆ. ಸ್ನಾನದ ನಲ್ಲಿಯ ಹಿಡಿಯನ್ನು ಯಾವ ಕಡೆಗೆ ತಿರುಗಿಸಿದರೆ ಬಿಸಿನೀರು ಅಂತ ಬಟ್ಟೆ ತೆಗೆಯುವ ಮೊದಲೇ ತಿಳಿದಿರಲಿ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯನ್ನು ಆರಿಸಿದ ಮೇಲೂ ಕೈ ಸುಡುವಷ್ಟು ಬಿಸಿ ಇರುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಒಗ್ಗರಣೆ ಹೊಗೆಗೆ ಅಲಾರಂ ಕಿರುಚಿಕೊಂಡರೆ ಯಾವ ಕಿಟಕಿ ತೆಗೆಯಬೇಕು ಅಂತಲೂ ಕೇಳಿಟ್ಟುಕೊಳ್ಳಿ.

ಜೊತೆಗೆ ತಂದ ಯಂತ್ರಗಳ ಚಾರ್ಜರ್ ಮೇಲಿನ ಸಣ್ಣಕ್ಷರ ಓದಿ. 100–240 ವೋಲ್ಟ್ ಅಂತಿದ್ದರೆ ಪ್ಲಗ್ ಅಡಾಪ್ಟರ್ ಸಾಕು, ಇಲ್ಲದಿದ್ದರೆ ಸಾಲದು. ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ.

ಒಂದು ಚೀಟಿಯಲ್ಲಿ ಮನೆಯ ವಿಳಾಸ, ಮನೆಯವರಲ್ಲಿ ಇಬ್ಬರ ಫೋನ್ ನಂಬರ್, ಆ ದೇಶದ ತುರ್ತು ಸಂಖ್ಯೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ಒಕ್ಕೂಟದ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ವಾಹನ ಯಾವ ಕಡೆಯಿಂದ ಬರುತ್ತದೆ ಅನ್ನುವ ಹಳೇ ರೂಢಿ ಅಷ್ಟು ಬೇಗ ಹೋಗುವುದಿಲ್ಲ.

ಮಕ್ಕಳಿಗೂ ಒಂದು ಮಾತು

ಅಪ್ಪ ಅಮ್ಮ ಬಂದರೆಂದು ಇರುವ ರಜೆಯನ್ನೆಲ್ಲ ಮೊದಲ ವಾರಕ್ಕೇ ಸುರಿಯಬೇಡಿ. ಅವರು ಹೇಗೂ ತೂಕಡಿಸುತ್ತಿರುತ್ತಾರೆ. ಇಳಿದ ದಿನ ಮತ್ತು ಮರುದಿನ ಮನೆಯಲ್ಲಿರಿ, ಉಳಿದ ರಜೆಯನ್ನು ಮೂರನೇ ನಾಲ್ಕನೇ ವಾರಕ್ಕೆ ಇಟ್ಟುಕೊಳ್ಳಿ, ಬೇಸರ ಶುರುವಾಗುವುದು ಆಗಲೇ. ಪುಟ್ಟ ಮಗು ಅಜ್ಜಿಯ ಹತ್ತಿರ ಹೋಗದೆ ನಿಮ್ಮ ಕಾಲು ಹಿಡಿದುಕೊಂಡರೆ ತಳ್ಳಬೇಡಿ, ಎರಡು ದಿನ ಬಿಡಿ. ಮತ್ತೆ, ವಾರದ ಕೊನೆಗೆ ಹತ್ತಿರದ ಪಾರ್ಕಿಗೋ ಅಂಗಡಿಗೋ ಹೋಗಿ ಬರುವ ಒಂದು ದಾರಿಯನ್ನು ಅವರಿಗೆ ಕಲಿಸಿ. ಮೊದಲ ದಿನ ನೀವು ಮುಂದೆ ನಡೆಯಿರಿ, ಮರುದಿನ ಅವರು ಮುಂದೆ ನೀವು ಹಿಂದೆ, ಮೂರನೇ ದಿನ ಅವರೇ ಹೋಗಿ ಬರಲಿ.