ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ: ರೋಗಿಗೆ ಸಂಗೀತ ಕೇಳಿಸುವುದು ಹೇಗೆ?

ಕಣ್ಣಿನ ಪೊರೆ ತೆಗೆಯುವಾಗ ಸಾಮಾನ್ಯವಾಗಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಹನಿ ಹಾಕಿ ಅಥವಾ ಚುಚ್ಚುಮದ್ದು ಕೊಟ್ಟು ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ. ಆದ್ದರಿಂದ ನೋವಿಗಿಂತ ಹೆಚ್ಚು ಕಾಡುವುದು ಮುಖ ಮುಚ್ಚಿದ ಬಟ್ಟೆ, ಯಂತ್ರದ ಸದ್ದು, ಮುಂದೇನು ಮಾಡುತ್ತಾರೋ ಎಂಬ ಅಂಜಿಕೆ. ಇಲ್ಲಿ ಸಂಗೀತ ನಿಜಕ್ಕೂ ಆಸರೆ. ಶಸ್ತ್ರಚಿಕಿತ್ಸೆಗೆ ಮುನ್ನ, ನಡುವೆ ಅಥವಾ ನಂತರ ಸಂಗೀತ ಕೇಳಿದವರಲ್ಲಿ ನೋವು, ಆತಂಕ ಎರಡೂ ಕಡಿಮೆಯಾದುದನ್ನು 70ಕ್ಕೂ ಹೆಚ್ಚು ಪ್ರಯೋಗಗಳ ವಿಮರ್ಶೆಯೊಂದು 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದೆ.

ಮೊದಲು ಶಸ್ತ್ರಚಿಕಿತ್ಸಕರ ಒಪ್ಪಿಗೆ ಪಡೆಯಿರಿ.

ಎರಡನೆಯದು ಆಯ್ಕೆ. ಎಲ್ಲರೂ ಎಡವುವುದು ಇಲ್ಲೇ. ಅಮ್ಮನಿಗೆ ಇಷ್ಟವೆಂದು ಮಕ್ಕಳು ತಾವೇ ಊಹಿಸಿ ಹಾಡು ತುಂಬಿಕೊಂಡು ಬರುತ್ತಾರೆ. ಊಹಿಸಬೇಡಿ, ಕೇಳಿ. ಅವರು ಮೆಚ್ಚಿದ್ದರಲ್ಲೇ ನಿಧಾನ ಲಯದ್ದನ್ನು ಆರಿಸಿ. ನಿಮಿಷಕ್ಕೆ 60ರಿಂದ 80 ಬಡಿತದ ವೇಗ ಸಾಕು. ಕೊಳಲು ಅಥವಾ ವೀಣೆಯ ಆಲಾಪನೆಗಿಂತ ಒಳ್ಳೆಯದು ನನಗೆ ಕಂಡಿಲ್ಲ. ತನಿ ಆವರ್ತನ (ಕಛೇರಿಯಲ್ಲಿ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಬೇಡವೇ ಬೇಡ: ಸಂಗೀತ ಬಲ್ಲವರ ಕೈ ತಾನಾಗಿ ತಾಳ ಹಾಕುತ್ತದೆ, ತಲೆ ತೂಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಆ ಸಣ್ಣ ಅಲುಗಾಟವೂ ದೊಡ್ಡದೇ. ಬಾಯಿಪಾಠವಿರುವ ದೇವರನಾಮವೂ ಬೇಡ. ಗುನುಗಿದರೆ ದವಡೆಯ ಜೊತೆ ತಲೆಯೂ ಅಲುಗುತ್ತದೆ. ಜೋಗುಳದಂಥದ್ದೂ ಸಲ್ಲದು. ನಿದ್ದೆ ಹತ್ತಿದವರು ಬೆಚ್ಚಿ ಎದ್ದರೆ ಕಣ್ಣಿಗೇ ಅಪಾಯ. ಅಗಲಿದವರ ನೆನಪು ತರುವ ಹಾಡುಗಳನ್ನು ಮನೆಯವರೇ ಗುರುತಿಸಿ ತೆಗೆಯಬೇಕು. ‘ಮನಶ್ಶಾಂತಿ’ ಎಂಬ ಹೆಸರಿನ ವಿಡಿಯೊಗಳನ್ನು ಪೂರ್ತಿ ಕೇಳದೆ ನಂಬಬೇಡಿ. ಕೆಲವುಗಳಲ್ಲಿ ನಡುವೆ ಥಟ್ಟನೆ ಗುಡುಗು ಸಿಡಿಯುತ್ತದೆ.

ಆರಿಸಿದ್ದನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಫ್ಲೈಟ್ ಮೋಡ್ ಹಾಕಿ. ಆನ್‌ಲೈನಿನಲ್ಲಿ ನೇರವಾಗಿ ಹಾಕುವ ಸುಲಭದ ದಾರಿ ಹಿಡಿದರೆ ಆಲಾಪನೆಯ ಮಧ್ಯೆ ಜಾಹೀರಾತು ಅರಚುತ್ತದೆ.

ಇಯರ್‌ಫೋನ್ ಬೇಡ, ತಲೆಯ ಬಳಿ ಸಣ್ಣ ಸ್ಪೀಕರ್ ಇರಲಿ. ಕಿವಿ ಮುಚ್ಚಿದರೆ ‘ಕೆಳಗೆ ನೋಡಿ’ ಎಂಬ ವೈದ್ಯರ ಮಾತು ಕೇಳಿಸುವುದಿಲ್ಲ. ಜೊತೆಗೆ ಕಣ್ಣು ತೊಳೆಯುವ ನೀರು ಕಿವಿಯತ್ತಲೇ ಹರಿಯುತ್ತದೆ. ಬ್ಯಾಟರಿ ಇಳಿದಾಗ ಕೂಗಿ ಹೇಳುವ ಅಗ್ಗದ ಬ್ಲೂಟೂತ್ ಸ್ಪೀಕರುಗಳನ್ನು ಒಳಗೆ ತರಲೇಬಾರದು. ಮೆಲ್ಲಗೆ ಆಡಿದ ಮಾತೂ ಸಂಗೀತದ ಮೇಲೆ ಸ್ಪಷ್ಟವಾಗಿ ಕೇಳುವಷ್ಟೇ ಸದ್ದಿಡಿ.

ಮೇಜಿನ ಮೇಲೆ ಮಲಗಿಸಿದ ಮೇಲೆ ಶುರುಮಾಡಿದರೆ ತಡವಾಯಿತು. ಪಾಪೆ ಹಿಗ್ಗಿಸುವ ಹನಿ ಹಾಕಿ ಹೊರಗೆ ಕೂರಿಸಿದಾಗಲೇ ಆರಂಭಿಸಿ. ಭಯ ಬೆಳೆಯುವುದು ಆ ಕಾಯುವಿಕೆಯಲ್ಲಿ. ಆಗಲೇ ರೋಗಿಗೆ ಇಷ್ಟು ಹೇಳಿ: ಸಂಗೀತ ಬೇಡವೆನಿಸಿದರೆ, ಕೆಮ್ಮು ಬರುವಂತಿದ್ದರೆ, ನೋವಾದರೆ ತಲೆ ಅಲ್ಲಾಡಿಸದೆ ಬಾಯಿಬಿಟ್ಟು ಹೇಳಬೇಕು. ಹಾಡು ಕೇಳುತ್ತಿದೆ ಎಂದು ನೋವನ್ನು ನುಂಗಿಕೊಳ್ಳಬಾರದು. ಮರಗಟ್ಟಿಸುವ ಔಷಧವನ್ನು ವೈದ್ಯರು ಇನ್ನಷ್ಟು ಕೊಡಬಲ್ಲರು.