ಗುಪ್ತರೋಗದ ಅನುಮಾನವೇ? ಸುರಕ್ಷಾ ಕ್ಲಿನಿಕ್‌ಗೆ ಹೀಗೆ ಹೋಗಿ

ಮೂತ್ರ ಮಾಡುವಾಗ ಉರಿ, ಕೀವು, ಇಲ್ಲವೇ ಅಲ್ಲೊಂದು ಹುಣ್ಣು. ಕಂಡ ತಕ್ಷಣ ನಮ್ಮ ಜನ ಓಡುವುದು ಮೆಡಿಕಲ್ ಶಾಪ್‌ಗೆ. ಮೊನ್ನೆ ಒಬ್ಬ ಹುಡುಗ ಕೌಂಟರ್‌ನಲ್ಲಿ ಬಾಯಿ ಬಿಡದೆ, ಮೊಬೈಲ್‌ನಲ್ಲಿದ್ದ ಟ್ಯೂಬ್ ಫೋಟೊ ತೋರಿಸಿ ಮುಲಾಮು ಕೊಂಡ. ನೋಡಿ ಸಂಕಟವಾಯಿತು.

ಮೊದಲು, ಏನನ್ನೂ ಹಚ್ಚಬೇಡಿ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಹುಣ್ಣಿನ ರೂಪವೇ ಬದಲಾಗುತ್ತದೆ, ಡಾಕ್ಟರಿಗೆ ಗುರುತು ಸಿಗುವುದಿಲ್ಲ. ಸಿಫಿಲಿಸ್ ಎಂಬ ಗುಪ್ತರೋಗದ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. 3ರಿಂದ 6 ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಕಾಯಿಲೆ ಮಾತ್ರ ರಕ್ತದಲ್ಲೇ ಇರುತ್ತದೆ.

ಇನ್ನು ಸುರಕ್ಷಾ ಕ್ಲಿನಿಕ್‌ಗೆ, ಅಂದರೆ ಸರ್ಕಾರಿ ಆಸ್ಪತ್ರೆಯ ಗುಪ್ತರೋಗ ಕ್ಲಿನಿಕ್‌ಗೆ, ಹೋಗುವುದು ಸುಲಭ. ಬೆಂಗಳೂರಿನ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯಲ್ಲಿ ಒಪಿಡಿ ಚೀಟಿ ಮಾಡಿಸಿ, ಚರ್ಮ ಮತ್ತು ಲೈಂಗಿಕ ರೋಗ ವಿಭಾಗ ಎಲ್ಲಿ ಅಂತ ಕೇಳಿ. ಎಲ್ಲಿಗೆ ಹೋಗಬೇಕೆಂದು ಗೊಂದಲವಿದ್ದರೆ ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಒಳಗೆ ಕೌನ್ಸೆಲರ್ ಹತ್ತಿರ ಸುಳ್ಳು ಹೇಳಬೇಡಿ. ಸಿಫಿಲಿಸ್ ಪತ್ತೆಗೆ ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆಯ ಜೊತೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಊರಿಗೆ ಹೇಳುವಂತಿಲ್ಲ. 2017ರ ಕಾನೂನೇ ಇದೆ.

ಔಷಧಿ ಬಣ್ಣದ ಕಿಟ್‌ಗಳಲ್ಲಿ ಬರುತ್ತದೆ. ಕೀವಿಗೆ ಬೂದು ಬಣ್ಣದ್ದು, ಕೆಲವು ಹುಣ್ಣುಗಳಿಗೆ ಬಿಳಿ. ಸಿಫಿಲಿಸ್ ಆರಂಭದಲ್ಲೇ ಸಿಕ್ಕರೆ 24 ಲಕ್ಷ ಯೂನಿಟ್ ಪೆನಿಸಿಲಿನ್, ಒಂದೇ ಸಲ. ಇಂಜೆಕ್ಷನ್ ನೋಯುತ್ತದೆ, ಆದರೂ ಚುಚ್ಚಿಸಿಕೊಳ್ಳಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಗಂಡ ಗುಟ್ಟಾಗಿ ಮಾತ್ರೆ ನುಂಗುತ್ತಾನೆ, ಹೆಂಡತಿಗೆ ಹೇಳುವುದಿಲ್ಲ. ಕೀವು ಬರಿಸುವ ಗೊನೊರಿಯಾ, ಕ್ಲಮೈಡಿಯಾ ಸೋಂಕು ಇದ್ದರೂ ಎಷ್ಟೋ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಒಳಗೊಳಗೇ ಗರ್ಭನಾಳ ಹಾಳಾಗಿ ಮುಂದೆ ಮಕ್ಕಳಾಗದೇ ಹೋಗಬಹುದು. ಅವಳಿಂದ ಸೋಂಕು ತಿರುಗಿ ತಗುಲಿ ಗಂಡನಿಗೂ ತಿಂಗಳೊಳಗೆ ಮತ್ತೆ ಕೀವು. ಔಷಧಿ ಸರಿಯಿಲ್ಲ ಅಂತ ಡಾಕ್ಟರನ್ನು ಬೈಯುತ್ತಾನೆ! ನಿಮ್ಮ ಮಾತ್ರೆಯಲ್ಲಿ ಅರ್ಧ ಸಂಗಾತಿಗೆ ಕೊಡುವುದೂ ಬೇಡ, ಇಬ್ಬರಿಗೂ ಸಾಲುವುದಿಲ್ಲ.

ಹೇಳುವಾಗ ಜಗಳದ ಮಧ್ಯೆ ಹೇಳಬೇಡಿ, ವಾಟ್ಸ್ಆ್ಯಪ್‌ನಲ್ಲಂತೂ ಬೇಡವೇ ಬೇಡ. ಎದುರು ಕೂತು, 'ನನಗೆ ಸೋಂಕು ಇದೆ, ನಿನಗೂ ತಗುಲಿರಬಹುದು, ನಾಳೆ ಇಬ್ಬರೂ ಹೋಗೋಣ' ಅನ್ನಿ. ಅಷ್ಟು ಸಾಕು. ಬಾಯಿ ಬರದಿದ್ದರೆ ಸುಮ್ನೆ ಕ್ಲಿನಿಕ್‌ಗೆ ಕರೆತನ್ನಿ, ಕೌನ್ಸೆಲರ್ ಜೊತೆ ಕೂತು ಹೇಳಿ. ಇಬ್ಬರ ಚಿಕಿತ್ಸೆ ಮುಗಿದು 7 ದಿನ ಆಗುವವರೆಗೆ ಸೇರಬೇಡಿ.

ಹೆಂಡತಿ ಬಸುರಿಯಾಗಿದ್ದರೆ ನಾಳೆಗೂ ಕಾಯಬೇಡಿ, ಇವತ್ತೇ ಕರೆದುಕೊಂಡು ಹೋಗಿ. ಸಿಫಿಲಿಸ್ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ.