ಟಾರ್ಕ್ ವ್ರೆಂಚಿಗೆ ಕ್ರೋಫುಟ್ ಹಾಕಿದಾಗ ಎಷ್ಟಕ್ಕೆ ಸೆಟ್ ಮಾಡಬೇಕು: ನನ್ನ ಅನುಭವ

ಬಳ್ಳಾರಿ, ಸಂಡೂರು ಕಡೆ ಅದಿರು ಹೊಡೆಯುವ ಟಿಪ್ಪರ್‌ಗಳಲ್ಲಿ ಹೈಡ್ರಾಲಿಕ್ ಪೈಪಿನ ನಟ್ಟಿಗೆ ಸಾಕೆಟ್ ಹಾಕಲು ಬರುವುದಿಲ್ಲ. ನಟ್ಟಿನ ನಡುವಿನಿಂದಲೇ ಪೈಪು ಹಾದುಹೋಗಿರುತ್ತದೆ. ಅಲ್ಲಿಗೆ ಕ್ರೋಫುಟ್ಟೇ ಗತಿ: ಒಂದು ಕಡೆ ಪಾನಾದ ಬಾಯಿ, ಇನ್ನೊಂದು ಕಡೆ ಟಾರ್ಕ್ ವ್ರೆಂಚ್ (ಸೆಟ್ ಮಾಡಿದಷ್ಟು ಟಾರ್ಕ್, ಅಂದರೆ ತಿರುಚುವ ಬಲ, ಬಂದಾಗ ಟಕ್ ಅನ್ನುವ ಪಾನಾ) ಕೂರುವ ಚೌಕ ತೂತು. ಇದನ್ನು ವ್ರೆಂಚಿನ ನೇರಕ್ಕೆ ಮುಂದೆ ಸಿಕ್ಕಿಸಿದ ಮೇಲೂ ಮ್ಯಾನುಯಲ್‌ನ ಟಾರ್ಕ್ ಅಂಕಿಯನ್ನೇ ಇಟ್ಟು ತಿರುಗಿಸಿದರೆ ನಟ್ಟು ಹೆಚ್ಚು ಬಿಗಿಯಾಗುತ್ತದೆ. ವ್ರೆಂಚಿಗೆ ಗೊತ್ತಾಗುವುದು ತನ್ನ ಚೌಕದ ಮೇಲೆ ಬಿದ್ದ ಟಾರ್ಕ್ ಮಾತ್ರ. ಅದರಾಚೆ ಸೇರಿದ ಉದ್ದ ಅದಕ್ಕೆ ಕಾಣುವುದಿಲ್ಲ.

ನಾನು ಅಳೆಯುವುದು ಎರಡೇ. ವ್ರೆಂಚಿನ ಚೌಕದ ನಡುವಿನಿಂದ ಹಿಡಿಯ ನಡುವಿನವರೆಗೆ ಒಂದು. ಚೌಕದ ನಡುವಿನಿಂದ ನಟ್ಟಿನ ನಡುವಿನವರೆಗೆ ಇನ್ನೊಂದು. ಬೇಕಾದ ಟಾರ್ಕನ್ನು ಮೊದಲನೆಯದರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸುವುದು. ವ್ರೆಂಚ್ 400 ಮಿ.ಮೀ., ಕ್ರೋಫುಟ್ 50 ಮಿ.ಮೀ., ಬೇಕಾದದ್ದು 90 ನ್ಯೂಟನ್ ಮೀಟರ್ ಎಂದರೆ 90 × 400 ÷ 450, ಅಂದರೆ 80ಕ್ಕೆ ಸೆಟ್ ಮಾಡಬೇಕು. 90ಕ್ಕೇ ಇಟ್ಟರೆ ನಟ್ಟಿಗೆ 101ರ ಮೇಲೆ ಬೀಳುತ್ತದೆ. ಹಳೆ ಮ್ಯಾನುಯಲ್‌ಗಳಲ್ಲಿ ಕೆಜಿ-ಮೀಟರ್ ಇದ್ದರೆ ಮೊದಲು 9.81ರಿಂದ ಗುಣಿಸಿಕೊಳ್ಳಿ.

ಸೆಟ್ಟಿಂಗ್ ಸರಿ ಇದ್ದರೂ ಕೆಲಸ ಕೆಡುವುದು ಕೈಯಿಂದ. ಬರೀ ಸಾಕೆಟ್ ಇದ್ದಾಗ ಹಿಡಿ ಸ್ವಲ್ಪ ಆಚೀಚೆ ಹಿಡಿದರೆ ಅಷ್ಟು ತೊಂದರೆಯಿಲ್ಲ. ಕ್ರೋಫುಟ್ ಇದ್ದಾಗ ಹಾಗಲ್ಲ: 80ಕ್ಕೆ ಸೆಟ್ ಮಾಡಿ ಕೈ 50 ಮಿ.ಮೀ. ಚೌಕದ ಕಡೆಗೆ ಸರಿದರೆ ನಟ್ಟಿಗೆ 91 ದಾಟುತ್ತದೆ. ಅದಕ್ಕೇ ಅಳತೆ ಹಿಡಿದ ಜಾಗಕ್ಕೆ ಟೇಪ್ ಸುತ್ತಿ ಅಲ್ಲೇ ಹಿಡಿಯುತ್ತೇನೆ. ಹಿಡಿಗೆ ಪೈಪ್ ತೂರಿಸಿ ಎಳೆಯುವುದಂತೂ ಬೇಡವೇ ಬೇಡ, ಲೆಕ್ಕವೆಲ್ಲ ನೀರುಪಾಲು.

ಜಾಗ ಇದ್ದರೆ ಕ್ರೋಫುಟ್ಟನ್ನು ವ್ರೆಂಚಿಗೆ ಸರಿಯಾಗಿ 90 ಡಿಗ್ರಿಗೆ ಕೂರಿಸಿ. ಆಗ ಉದ್ದ ಸೇರುವುದಿಲ್ಲ, ಮ್ಯಾನುಯಲ್ ಅಂಕಿಯೇ ಸಾಕು. ಆದರೆ ಅದು 60ಕ್ಕೆ ವಾಲಿತೋ, ಮೇಲಿನ ಅಳತೆಗೆ ಸುಮಾರು ಶೇ. 6 ಹೆಚ್ಚು ಬೀಳುತ್ತದೆ. ಬಾಯಿ ಹಿಡಿಯ ಕಡೆಗೇ ಹಿಂದಕ್ಕೆ ತಿರುಗಿದ್ದರೆ ಕೂಡಿಸುವ ಬದಲು ಕಳೆಯಬೇಕು: 90 × 400 ÷ 350, ಸುಮಾರು 103.

ಸಾಕೆಟ್ ಮೇಲೆ ನೆಟ್ಟಗೆ ನಿಲ್ಲುವ ಎಕ್ಸ್‌ಟೆನ್ಶನ್ ರಾಡಿಗೆ ಈ ಯಾವ ಲೆಕ್ಕವೂ ಇಲ್ಲ. ರಾಡ್ ಎಷ್ಟೇ ಉದ್ದವಿರಲಿ, ಬೋಲ್ಟಿನ ನೇರಕ್ಕೇ ಇದ್ದರೆ ಟಾರ್ಕ್ ಅಷ್ಟೇ. ವ್ರೆಂಚಿನ ತಲೆಯನ್ನು ಇನ್ನೊಂದು ಕೈಯಿಂದ ಹಿಡಿದಿರಿ, ಓರೆಯಾಗಲು ಬಿಡಬೇಡಿ.

ಪೈಪ್ ನಟ್ ಬಿಗಿಸುವಾಗ ಎದುರಿನ ಫಿಟ್ಟಿಂಗಿಗೆ ಬೇರೆ ಪಾನಾ ಹಾಕಿ ಹಿಡಿಯಿರಿ, ಇಲ್ಲವಾದರೆ ಪೈಪೇ ತಿರುಚಿಕೊಳ್ಳುತ್ತದೆ. ನಮ್ಮ ಕಡೆಯ ಕೆಂಪು ಅದಿರು ಧೂಳನ್ನು ಥ್ರೆಡ್‌ನಿಂದ ಮೊದಲು ಬ್ರಷ್ ಹಾಕಿ ತೆಗೆಯಿರಿ. ಧೂಳು ಕೂತಿದ್ದರೆ ಟಾರ್ಕ್ ಘರ್ಷಣೆಗೇ ಖರ್ಚಾಗಿ, ವ್ರೆಂಚ್ ಟಕ್ ಅಂದರೂ ಜಾಯಿಂಟ್ ಸರಿಯಾಗಿ ಕೂತಿರುವುದಿಲ್ಲ, ಆಯಿಲ್ ಜಿನುಗುತ್ತದೆ.